ಕಸಬರಿಗಿಗೊಂದು ಪಾಸ್‌ವರ್ಡ್

ಮನೆಮನೆಗೆ ವೈಫೈ ಜೋಡಿಸುವುದು ನನ್ನ ಕೆಲಸ. ಅಂಗಡಿ ಇಂಡಿ ಪಟ್ಟಣದಲ್ಲಿ, ಬೈಕ್ ಮಾತ್ರ ಸದಾ ಸಿಂದಗಿ, ಬಾಗೇವಾಡಿ, ಮುದ್ದೇಬಿಹಾಳದ ದಾರಿಯಲ್ಲಿ. ತಾನೇ ಮನೆಯೆಲ್ಲ ಸುತ್ತಿ ಕಸ ಹೊಡೆಯುವ ದುಂಡನೆಯ ಯಂತ್ರ ನಮ್ಮ ಕಡೆಗೂ ಬಂತಲ್ಲ, ಅಂದಿನಿಂದ ತಿಂಗಳಿಗೊಂದಾದರೂ ಇಂಥ ಪ್ರಸಂಗ ನಡೆಯುತ್ತದೆ. ವೈಫೈ ಸಿಗದಿದ್ದರೆ ಆ ಯಂತ್ರ ಮೊಬೈಲಿನ ಮಾತು ಕೇಳುವುದಿಲ್ಲ, ಜನ ನನ್ನನ್ನು ಕರೆಯುತ್ತಾರೆ. ಆಮೇಲೆ ಹೇಳಿದರೆ ಎಲ್ಲರೂ ನಗುತ್ತಾರೆ. ನಡೆಯುವ ಹೊತ್ತಿಗೆ ಮಾತ್ರ ಅಲ್ಲಿ ಯಾರೂ ನಗುವುದಿಲ್ಲ, ನಾನೂ ನಗುವುದಿಲ್ಲ.

ದನಿ

ಇಂಡಿಯಲ್ಲಿ ಒಬ್ಬ ನಿವೃತ್ತ ತಲಾಠಿ, ಅಂದರೆ ಗ್ರಾಮಲೆಕ್ಕಿಗರು, ಇದ್ದಾರೆ. ಮೇಲಿನಿಂದ ಬಂದ ಕಾಗದದಲ್ಲಿ ಏನಿದೆಯೋ ಅದನ್ನು ಇದ್ದ ಹಾಗೇ ಮಾಡಿ ನೌಕರಿ ಮುಗಿಸಿದವರು. ರೌಟರ್ ಬದಲಿಸಿದ ಮೇಲೆ ಅವರ ಯಂತ್ರಕ್ಕೆ ಹೊಸ ವೈಫೈ ಹತ್ತಲಿಲ್ಲ. ಫೋನಿನಲ್ಲೇ ಹೇಳಿಕೊಟ್ಟೆ. ಮೇಲಿನ ಎರಡೂ ಗುಂಡಿ ಕೂಡಿಯೇ ಒತ್ತಿ ಹಿಡಿಯಿರಿ, ದನಿ ಬರುವವರೆಗೆ ಕೈ ಬಿಡಬೇಡಿ ಅಂದೆ. ಅಷ್ಟರಲ್ಲಿ ಫೋನ್ ಕಟ್ ಆಯಿತು. ಮತ್ತೆ ಹಚ್ಚಿದರೆ ಎತ್ತಲಿಲ್ಲ.

ಬೇರೊಂದು ಮನೆಯ ಕೆಲಸ ಮುಗಿಸಿ, ನೋಡಿಕೊಂಡೇ ಹೋಗೋಣ ಎಂದು ಅವರಲ್ಲಿಗೆ ಹೋದೆ. ಪಡಸಾಲೆಯಲ್ಲಿ ಕುಕ್ಕರಗಾಲಲ್ಲಿ ಕೂತು, ಎರಡೂ ಹೆಬ್ಬೆರಳಿನಿಂದ ಗುಂಡಿ ಒತ್ತಿಕೊಂಡೇ ಇದ್ದರು. ಪಕ್ಕದಲ್ಲಿದ್ದ ಚಹಾ ಆರಿ ಕೆನೆಗಟ್ಟಿತ್ತು. ಫೋನ್ ಎತ್ತಲಿಲ್ಲವಲ್ಲ ಅಂದರೆ, ಕೈ ಖಾಲಿ ಇರಲಿಲ್ಲ ಅಂದರು. ಇಷ್ಟು ಹೊತ್ತಾದರೂ ಯಂತ್ರ ಮಾತಾಡಲಿಲ್ಲವೇ ಎಂದು ಕೇಳಿದೆ.

"ಅದು ನಾಕ ಸಲ ಮಾತಾಡೇತ್ರಿ. ನಾ ನಿಮ್ಮ ದನಿ ಕಾಯಾಕತ್ತಿದ್ದೆ."

ತಿಜೋರಿ

ಸಿಂದಗಿಯ ಬಟ್ಟೆ ವ್ಯಾಪಾರಿಯೊಬ್ಬರ ಮನೆಗೆ ಒಂದೇ ವಾರದಲ್ಲಿ ಮೂರು ಸಲ ಹೋಗಿದ್ದೇನೆ. ನಾನಿದ್ದಾಗ ಯಂತ್ರ ಚೆನ್ನಾಗಿ ಓಡುತ್ತಿತ್ತು. ನಾನು ಬಸ್ ಸ್ಟ್ಯಾಂಡ್ ದಾಟುವುದರೊಳಗೆ ವೈಫೈ ಇಲ್ಲ ಎಂದು ಫೋನ್ ಬರುತ್ತಿತ್ತು. ಮನೆಯ ಹಿರಿಯ ಅವ್ವನವರಿಗೆ ಇದು ನನ್ನ ಕಾಲ್ಗುಣ ಅನ್ನಿಸಿ, ನನ್ನದೊಂದು ಫೋಟೋ ಕೊಟ್ಟು ಹೋಗಿ ಎಂದು ನಿಜವಾಗಿಯೂ ಕೇಳಿದ್ದರು.

ಮೂರನೆಯ ಸಲ ಹೆಲ್ಮೆಟ್ ಮರೆತು ತಿರುಗಿ ಬಂದೆ. ಅವ್ವನವರು ರೌಟರನ್ನು ಸೆರಗಿನಿಂದ ಒರೆಸಿ, ಕಬ್ಬಿಣದ ತಿಜೋರಿಯಲ್ಲಿಟ್ಟು ಕೀಲಿ ಹಾಕುತ್ತಿದ್ದರು. ವೈರು ಹಿಂದಿನ ತೂತಿನಿಂದ ಒಳಗೆ ಹೋಗಿತ್ತು. ಇಡೀ ಮನೆ ಇದರ ಮೇಲೆಯೇ ನಡೆಯುತ್ತದೆ, ಜ್ವಾಕಿಯಿಂದ ನೋಡಿಕೊಳ್ಳಿ ಎಂದು ಮೊದಲ ದಿನ ನಾನೇ ಹೇಳಿದ್ದೆನಂತೆ. ಕಬ್ಬಿಣದೊಳಗೆ ಕೂತರೆ ವೈಫೈ ಹೊರಗೆ ಬರುವುದಿಲ್ಲ ಎಂದು ತಿಳಿಸಿ, ರೌಟರನ್ನು ಗೋಡೆಗೆ ಮೊಳೆ ಹೊಡೆದು ಕೂಡಿಸಿ ಬಂದೆ.

ಮರುದಿನ ಮತ್ತೆ ಅವ್ವನವರ ಫೋನ್. ಯಂತ್ರಕ್ಕೆ ವೈಫೈ ಹತ್ತವಲ್ಲದು ಅಂದರು. ರೌಟರ್ ಎಲ್ಲಿದೆ ಎಂದೆ. ಗೋಡೆಯ ಮೇಲೆಯೇ ಇತ್ತು. ಹಾಗಾದರೆ ಯಂತ್ರ?

"ತಿಜೋರಿ ಖಾಲಿ ಆತಲ್ರಿ, ಅದನ್ನ ಅದರಾಗ ಇಟ್ಟೇನಿ."

ಲೆಕ್ಕ

ಬಸವನ ಬಾಗೇವಾಡಿಯಲ್ಲಿ ಗಣಿತದ ಮಾಸ್ತರೊಬ್ಬರಿಗೆ ಧೂಳಿನಿಂದ ಉಬ್ಬಸ. ತಾವು ಸಾಲಿಯಲ್ಲಿರುವಾಗಲೇ ಯಂತ್ರ ಕಸ ಹೊಡೆದು ಮುಗಿಸಬೇಕು, ಅದಕ್ಕೆ ಮೊಬೈಲಿನಿಂದಲೇ ಅದನ್ನು ನಡೆಸಬೇಕು. ಅವರ ರೌಟರಿನಿಂದ ಎರಡು ವೈಫೈ ಬರುತ್ತಿದ್ದವು, ಒಂದು ಎರಡು ಪಾಯಿಂಟ್ ನಾಲ್ಕು ಗಿಗಾಹರ್ಟ್ಸಿನದು, ಇನ್ನೊಂದು ಐದರದು. ಯಂತ್ರಕ್ಕೆ ಮೊದಲನೆಯದು ಮಾತ್ರ ತಿಳಿಯುತ್ತದೆ, ನೀವು ಐದಕ್ಕೆ ಕೂಡಿಸುತ್ತಿದ್ದೀರಿ ಎಂದು ಹೇಳಿದೆ.

"ಐದರಾಗ ಎರಡು ಪಾಯಿಂಟ್ ನಾಕು ಇರೂದಿಲ್ಲೇನು?"

ಇರುತ್ತದೆ ಅಂದೆ. ಎಷ್ಟು ಸಲ ಎಂದು ಕೇಳಿದರು. ಎರಡು ಸಲ ಅಂದೆ. ಉಳಿದದ್ದೆಷ್ಟು ಎಂದು ಕೇಳಿದರು. ಅದನ್ನೂ ಹೇಳಿದೆ. ಹಾಗಿದ್ದರೆ ಯಾಕೆ ಕೂಡುವುದಿಲ್ಲ ಎಂದು ಕೇಳಿದರು. ನನಗರಿವಿಲ್ಲದೆಯೇ ಕೈಕಟ್ಟಿ ನಿಂತಿದ್ದೆ. ಹೇಗೋ ಯಂತ್ರವನ್ನು ಸರಿಯಾದ ವೈಫೈಗೆ ಕೂಡಿಸಿ ಬಂದೆ.

ನಾಲ್ಕು ದಿನ ಬಿಟ್ಟು ಅವರೇ ಫೋನ್ ಮಾಡಿದರು. ಉಬ್ಬಸ ಕಡಿಮೆಯಾಗಿದೆ, ಮನೆ ಸ್ವಚ್ಛವಾಗಿದೆ ಎಂದರು. ನನಗೆ ಸಮಾಧಾನವಾಯಿತು.

"ಮಷಿನ್ ಬರೋಬ್ಬರಿ ಐತಿ," ಅಂದರು. "ಲೆಕ್ಕ ತಪ್ಪೈತಿ."

ಗೋಡೆ

ಮುದ್ದೇಬಿಹಾಳದ ಹತ್ತಿರದ ಹಳ್ಳಿಯಲ್ಲಿ ಒಂದು ದೊಡ್ಡ ಮನೆ, ನಡುವೆ ಗೋಡೆ. ಈ ಕಡೆ ಅಣ್ಣ, ಆ ಕಡೆ ತಮ್ಮ. ಗೋಡೆ ಎದ್ದು ಆರು ವರ್ಷ, ಮಾತು ಬಿಟ್ಟೂ ಅಷ್ಟೇ. ಕೂಡಿ ಇದ್ದಾಗ ಹಾಕಿಸಿದ ವೈಫೈ ಅಣ್ಣನ ಹೆಸರಿನಲ್ಲಿತ್ತು. ರೌಟರ್ ತಮ್ಮನ ಪಾಲಿಗೆ ಉಳಿದಿತ್ತು. ಎರಡೂ ಕಡೆಯ ಮೊಬೈಲುಗಳು ಅದರಲ್ಲೇ ನಡೆಯುತ್ತಿದ್ದವು, ಆ ಬಗ್ಗೆ ಯಾರೂ ತುಟಿ ಬಿಚ್ಚಿರಲಿಲ್ಲ. ಹೀಗಿರುವಾಗ ತಮ್ಮ ಪಾಸ್‌ವರ್ಡ್ ಬದಲಿಸಿದ.

ಅದೇ ತಿಂಗಳು ಅಣ್ಣನ ಹೆಂಡತಿಗೆ ಮೊಣಕಾಲಿನ ಆಪರೇಷನ್ ಆಗಿತ್ತು. ಬಗ್ಗಿ ಕಸ ಹೊಡೆಯಲು ಆಗದು, ಯಂತ್ರದ ಗುಂಡಿ ಒತ್ತಲೂ ಆಗದು. ಮೊಬೈಲಿನಿಂದ ನಡೆಸಬಹುದು ಎಂದೇ ಮಗಳು ಯಂತ್ರ ಕೊಡಿಸಿದ್ದಳು.

ಪಾಸ್‌ವರ್ಡ್ ಕೇಳಿಕೊಂಡು ಬಾ ಎಂದು ಅಣ್ಣ ನನ್ನನ್ನು ಆ ಕಡೆ ಕಳಿಸಿದರು. ತಮ್ಮ ನನ್ನ ವಾರಿಗೆಯವ. ಮಜ್ಜಿಗೆ ಕೊಟ್ಟ, ಅತ್ತಿಗೆಯ, ಅವನ ಮಾತಿನಲ್ಲಿ ವೈನಿಯ, ಕಾಲು ಹೇಗಿದೆ ಎಂದು ಎರಡೆರಡು ಸಲ ಕೇಳಿದ. ಪಾಸ್‌ವರ್ಡ್ ಮಾತ್ರ ಹೇಳಲಿಲ್ಲ, ಅಣ್ಣ ತಾನೇ ಬಂದು ಕೇಳಲಿ ಅಂದ. ಅಣ್ಣನಿಗೆ ಹೇಳಿದರೆ, ಕನೆಕ್ಷನ್ ನನ್ನ ಹೆಸರಿನಲ್ಲಿದೆ, ನಾನೇಕೆ ಕೇಳಲಿ ಅಂದರು. ಹೀಗೆ ಮೂರು ಸಲ ಆ ಬಾಗಿಲಿಗೂ ಈ ಬಾಗಿಲಿಗೂ ತಿರುಗಿದೆ.

ಇದನ್ನೆಲ್ಲ ನೋಡುತ್ತಿದ್ದ ಅಣ್ಣನ ಹೆಂಡತಿ ಕೋಲು ಹಿಡಿದು ಎದ್ದು, ಮೂಲೆಯ ಕಸಬರಿಗಿ ತಗೊಂಡು, ನಿಂತೇ ಹೊಡೆಯತೊಡಗಿದರು. ನಾಲ್ಕು ಹೆಜ್ಜೆ ಹೋಗುವುದರೊಳಗೆ ನೋವು ತಡೆಯದೆ ಗೋಡೆ ಹಿಡಿದುಕೊಂಡರು. ಅಣ್ಣ ಒಂದು ಗಳಿಗೆ ನೋಡಿದರು. ಆಮೇಲೆ ಚಪ್ಪಲಿ ಮೆಟ್ಟಿಕೊಂಡು ಹೊರಬಿದ್ದರು. ನಾನು ಯಂತ್ರವನ್ನು ಕಂಕುಳಲ್ಲಿಟ್ಟುಕೊಂಡು ಹಿಂದೆ ಹೋದೆ.

ತಮ್ಮನ ಹೊಸ್ತಿಲಿನ ಹೊರಗೇ ನಿಂತರು. ಅವನ ಮುಖ ನೋಡಲಿಲ್ಲ, ಗೋಡೆಯ ಮೇಲಿದ್ದ ರೌಟರನ್ನು ನೋಡಿದರು.

"ಪಾಸ್‌ವರ್ಡ್ ಏನು?"

ತಮ್ಮ ಎದ್ದು ನಿಂತ. "ಅಣ್ಣ ಮೊದಲ ಮಾತಾಡ್ಲಿ."

"ಮಾತಾಡಾಕತ್ತೇನಲ್ಲ. ಪಾಸ್‌ವರ್ಡ್ ಹೇಳು."

"ಹೇಳಿದ್ನಲ್ಲ. ಅಣ್ಣ ಮೊದಲ ಮಾತಾಡ್ಲಿ."

"ಆರ ವರ್ಷದ ಮ್ಯಾಲ ನಿನ್ನ ಬಾಗಲಕ್ಕ ಬಂದೇನಿ. ಇನ್ನ ಎಷ್ಟ ಮಾತಾಡ್ಬೇಕೋ ನಾ?"

ತಮ್ಮ ನನ್ನ ಕಡೆ ತಿರುಗಿದ. ಅವನ ಕಣ್ಣು ತುಂಬಿದ್ದವು. "ಅದೇ ಪಾಸ್‌ವರ್ಡ್ ರೀ. ಇಂಗ್ಲಿಷ್‌ನ್ಯಾಗ ಬರೀರಿ. ನಡುವ ಎಲ್ಲೂ ಜಾಗಾ ಬಿಡಬ್ಯಾಡ್ರಿ."

ಬರೆದೆ. ಯಂತ್ರ ಹತ್ತಿತು. ಅಣ್ಣ ಹೊಸ್ತಿಲು ದಾಟಿ ಒಳಗೆ ಬಂದು ಕೂತರು. ಮಾತಾಡಿ ಆಯಿತು, ಇನ್ನು ಆ ಪಾಸ್‌ವರ್ಡ್ ಬದಲಿಸು ಅಂದರು. ಏನಿಡಲಿ ಎಂದು ತಮ್ಮ ಮೊಬೈಲ್ ಹಿಡಿದು ಕೇಳಿದ. ಅಣ್ಣ ಹೆಗಲ ಮೇಲಿನ ವಸ್ತ್ರದಿಂದ ಮುಖ ಒರೆಸಿಕೊಂಡರು.

"ತಮ್ಮ ಮೊದಲ ಚಾ ಕುಡಸ್ಲಿ."

ತಮ್ಮ ಒಂದೊಂದೇ ಅಕ್ಷರ ಹುಡುಕಿ ಬರೆಯತೊಡಗಿದ.

"ಅದು ಪಾಸ್‌ವರ್ಡ್ ಅಲ್ಲೋ," ಅಂದರು ಅಣ್ಣ.