ಮಗಳ ಹಲ್ಲಿಗೆ ತಂತಿ, ಊರಿಗೆಲ್ಲ ಚಿಂತೆ

ನಮ್ಮ ಮನೆಯಲ್ಲಿ ಯಾರಿಗೆ ಏನು ಮಾಡಿಸಬೇಕೆಂದರೂ ಮೊದಲು ಓಣಿ ಒಪ್ಪಬೇಕು. ನನ್ನ ಕನ್ನಡಕದ ಫ್ರೇಮು ಆರಿಸಿದ್ದು ಎದುರುಮನೆಯವರು. ನಮ್ಮ ಯಜಮಾನರ ಮೀಸೆ ಎಷ್ಟಿರಬೇಕೆಂದು ತೀರ್ಮಾನಿಸಿದ್ದು ಅವರ ಚಿಕ್ಕಪ್ಪ. ಇದನ್ನೆಲ್ಲ ಸಹಿಸಿಕೊಂಡು ಬಂದವಳು ನಾನು. ಆದರೆ ಎಂಟನೇ ಕ್ಲಾಸಿನ ಮಗಳ ಉಬ್ಬುಹಲ್ಲಿಗೆ ಕ್ಲಿಪ್ ಹಾಕಿಸುವ ಮಾತು ಬಂದಾಗ ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತುಬಿಟ್ಟೆ. ಯಾಕೆಂದರೆ ಅವಳು ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯಲು ಶುರುಮಾಡಿದ್ದಳು. ಹಲ್ಲಿನ ಮೇಲೆ ನನಗೇನೂ ಸಿಟ್ಟಿರಲಿಲ್ಲ. ಸಿಟ್ಟಿದ್ದದ್ದು ಆ ಕೈ ಮೇಲೆ.

ಮನೆತನದ ಹಲ್ಲು

ಮೊದಲ ತಕರಾರು ನಮ್ಮತ್ತೆಯದು. ಹಲ್ಲು ಅವರ ಕಡೆಯಿಂದಲೇ ಬಂದದ್ದು. ಹಾಗಾಗಿ ಹಲ್ಲಿಗೆ ಅಂದದ್ದೆಲ್ಲ ತಮಗೇ ಅಂದಂತೆ.

"ಏನಾಗೇತಿ ಆ ಹಲ್ಲಿಗೆ? ನನ್ನವೂ ಹಂಗ ಅದಾವು. ಇವನ್ನ ಇಟ್ಕೊಂಡ ಮದುವಿ ಆಗೀನಿ, ಇವನ್ನ ಇಟ್ಕೊಂಡ ಈ ಮನಿ ನಡೆಸೀನಿ. ತಂತಿ ಬಿಗಿಯಾಕ ಹುಡುಗಿ ಬಾಯಿ ಏನು ಹೊಲನಾ? ಬೇಲಿ ಹಾಕ್ತೀಯೇನು?"

"ಅಕಿ ಕೈ ಮುಚ್ಚಿಕೊಂಡು ನಗ್ತಾಳ್ರಿ ಅತ್ತಿ."

"ನಾನೂ ಹಂಗ ನಗ್ತಿದ್ದೆ."

"ಯಾಕ್ರಿ?"

ಅತ್ತೆ ಸೆರಗಿನಿಂದ ಬಾಯಿ ಒರೆಸಿಕೊಂಡರು. ಆಮೇಲೆ, "ನಮ್ಮತ್ತಿಗೆ ಈ ಹಲ್ಲು ಕಂಡ್ರ ಆಗ್ತಿರ್ಲಿಲ್ಲ" ಎಂದರು. ಗೆದ್ದೆ ಅಂದುಕೊಂಡೆ. ಅಷ್ಟರಲ್ಲಿ ಅವರೇ ಸಮಾಧಾನ ಹೇಳಿದರು: "ನೀ ಚಿಂತಿ ಮಾಡಬ್ಯಾಡ. ನಿನ್ನ ಮಗಳಿಗೆ ನನ್ನಂಥಾ ಚಲೋ ಅತ್ತಿ ಸಿಗ್ತಾಳ ಬಿಡು."

ಸ್ಯಾಂಪಲ್

ಯಜಮಾನರದು ಹರಪನಹಳ್ಳಿಯಲ್ಲಿ ಮೆಕ್ಕೆಜೋಳದ ವ್ಯಾಪಾರ. ಚೀಲದೊಳಗೆ ಕೈ ಹಾಕಿ ನಾಲ್ಕು ಕಾಳು ತೆಗೆದು, ಒಂದನ್ನು ಹಲ್ಲಿನಲ್ಲಿ ಕಡಿದು ನೋಡದೆ ರೇಟು ಹೇಳಿದವರೇ ಅಲ್ಲ. ಕಟ್ ಎಂದರೆ ಒಣಗಿದ ಮಾಲು. ಮೆತ್ತಗೆ ಒತ್ತಿಸಿಕೊಂಡರೆ ಹಸಿ. ಕಾಳಿನ ತೇವ ಅಳೆಯುವ ಯಂತ್ರ ಬಂದು ವರ್ಷಗಳಾದರೂ ಅವರಿಗೆ ತಮ್ಮ ದವಡೆಯ ಮೇಲೇ ನಂಬಿಕೆ.

ಮೂವರೂ ಹಲ್ಲಿನ ಡಾಕ್ಟರ ಹತ್ತಿರ ಹೋದೆವು. ವಯಸ್ಸಿನ್ನೂ ಚಿಕ್ಕದಾದ ಡಾಕ್ಟರಮ್ಮ, ತುಂಬ ತಾಳ್ಮೆ. ಮೇಜಿನ ಮೇಲೆ ಬಗೆಬಗೆಯ ಕ್ಲಿಪ್‌ಗಳನ್ನು ಇಟ್ಟು ವಿವರಿಸಿದರು. ಇದು ಸ್ಟೀಲಿನದು, ಇದು ಹಲ್ಲಿನ ಬಣ್ಣದ್ದು, ಇದು ಗಾಜಿನ ಹಾಗೆ ಕಾಣುವ ಕವರು, ಊಟಕ್ಕೆ ಮುಂಚೆ ತೆಗೆದಿಟ್ಟು ಆಮೇಲೆ ಮರೆಯದೆ ಹಾಕಿಕೊಳ್ಳಬೇಕು. ಇವಳ ಹಲ್ಲಿಗೆ ಮೂರರಲ್ಲಿ ಯಾವುದಾದರೂ ಆಗುತ್ತದೆ, ಆರಿಸಿಕೊಳ್ಳಿ ಎಂದರು.

"ಈ ಬಿಳೇದು ಗಟ್ಟಿ ಇರ್ತೈತೇನ್ರಿ ಮೇಡಂ?" ಯಜಮಾನರು ಕೇಳಿದರು.

"ಚೆನ್ನಾಗಿ ಬಾಳಿಕೆ ಬರುತ್ತೆ ಸರ್" ಎನ್ನುತ್ತ ಡಾಕ್ಟರು ಡ್ರಾಯರ್ ಕಡೆ ತಿರುಗಿದರು. ಅಷ್ಟೇ ಹೊತ್ತು ಸಾಕಾಯಿತು. ಇವರು ಮೇಜಿನ ಮೇಲಿಂದ ಒಂದು ಬಿಳಿ ತುಣುಕು ಎತ್ತಿ, ಅಭ್ಯಾಸಬಲದಿಂದ ಬಾಯಿಗೆ ಹಾಕಿ ಕಡಿದರು. ಕಟ್ ಎಂದಿತು.

ಡಾಕ್ಟರು ಗಾಬರಿಯಿಂದ ತಿರುಗಿದರು. ಇವರು ಕೆನ್ನೆ ಹಿಡಿದುಕೊಂಡು, "ಗಟ್ಟಿ ಐತಿ ಬಿಡ್ರಿ" ಎಂದರು. ಮುರಿದದ್ದು ಅವರ ದವಡೆಹಲ್ಲು.

ಆ ದಿನ ಮಗಳಿಗೆಂದು ಒರಗಿಸಿಟ್ಟ ಕುರ್ಚಿಯಲ್ಲಿ ಅಪ್ಪ ಮಲಗಿದರು. ಮಗಳು ಅವರ ಕೈ ಹಿಡಿದುಕೊಂಡು ಪಕ್ಕದಲ್ಲಿ ನಿಂತಿದ್ದಳು. ಹೊರಗೆ ಬಂದ ಮೇಲೆ ಬಹಳ ವಿನಯದಿಂದ ಕೇಳಿದಳು, "ಅಪ್ಪಾಜಿ, ಮಾಲು ಹೆಂಗೈತಿ?"

ಕಾಣಬಾರದು

ಸುದ್ದಿ ಹಗರಿಬೊಮ್ಮನಹಳ್ಳಿ ಮುಟ್ಟಿತು. ಯಜಮಾನರ ಅಕ್ಕ ಮೊದಲ ಬಸ್ಸಿಗೇ ಬಂದಿಳಿದರು. ಚಹಾ ಕುಡಿಯುವ ಮೊದಲೇ ತೀರ್ಪು ಕೊಟ್ಟರು.

"ನೋಡವಾ, ಹಾಕಿಸೋದಾದ್ರ ಆ ಗಾಜಿನಂಥಾದ್ದು ಹಾಕಿಸು. ಹೆಣ್ಣುಡುಗಿ, ನಾಕು ಮಂದಿ ಕಣ್ಣಿಗೆ ಬೀಳಾಕಿ. ಬಾಯಾಗ ಏನೈತಿ ಅಂತ ಯಾರಿಗೂ ಕಾಣಬಾರ್ದು."

ನನ್ನ ಬಾಯಿಗೆ ಬಂದ ಉತ್ತರ ಬರೆಯುವಂಥದ್ದಲ್ಲ. ಪುಣ್ಯಕ್ಕೆ ಮಗಳೇ ಮೊದಲು ಮಾತಾಡಿದಳು. "ಅತ್ತೀ, ಇಷ್ಟು ದಿನ ಹಲ್ಲು ಮುಚ್ಚಿದೆ. ಇನ್ನ ಕ್ಲಿಪ್ಪೂ ಮುಚ್ಚು ಅಂದ್ರ ನಾ ಬಾಯಿ ತಗಿಯೋದು ಯಾವಾಗ?"

ಮರುವಾರ ಅವಳು ಆರಿಸಿದ್ದು ಎಲ್ಲಕ್ಕಿಂತ ಹೆಚ್ಚು ಎದ್ದು ಕಾಣುವ ಸ್ಟೀಲಿನದನ್ನೇ. ಅದರ ಮೇಲೆ ಹಾಕುವ ಪುಟ್ಟ ರಬ್ಬರುಗಳಿಗೆ ಡಾಕ್ಟರು ಬಣ್ಣ ಕೇಳಿದರೆ, "ಕೆಂಪು ಹಾಕ್ರಿ" ಎಂದಳು. ನಾನು ಹೆಮ್ಮೆಯಿಂದ ಅಲ್ಲೇ ಒಂದು ಫೋಟೊ ತೆಗೆದೆ. ಫೋನಿನಲ್ಲಿ ಅದನ್ನು ನೋಡಿದ ಅವಳ ಸೋದರತ್ತೆ, "ಕೆಂಪು ಯಾಕ ಹಾಕಿಸ್ಕೊಂಡೆ?" ಎಂದು ಕೂಗಿದರು.

"ಹಗರಿಬೊಮ್ಮನಹಳ್ಳಿ ತನಕ ಕಾಣ್ಲಿ ಅಂತ" ಎಂದಳು.

ಉಂಡಿ

ಆರಿಸುವಾಗಿನ ಧೈರ್ಯ ಹಾಕಿಸಿಕೊಂಡ ಮೇಲೆ ಉಳಿಯಲಿಲ್ಲ. ಹಲ್ಲು ಜುಮ್ಮೆನ್ನುತ್ತಿತ್ತು, ಗಂಜಿ ಬಿಟ್ಟು ಏನೂ ಇಳಿಯುತ್ತಿರಲಿಲ್ಲ. ಸಾಲದ್ದಕ್ಕೆ ಶಾಲೆಯಲ್ಲಿ ಹುಡುಗಿಯರು "ಸೈಕಲ್ ಚೈನು" ಎಂದು ಹೆಸರಿಟ್ಟರು. ಕೈ ಮತ್ತೆ ಬಾಯಿಗೆ ಹೋಯಿತು. ನಾನು ಚಪ್ಪಲಿ ಮೆಟ್ಟಿ ಶಾಲೆಗೆ ಹೊರಟೆ. ಮಗಳು ಬಾಗಿಲಿಗೆ ಅಡ್ಡ ನಿಂತಳು. "ಬ್ಯಾಡವ್ವಾ. ನೀ ಬಂದು ಹೋದ್ರ ಅವ್ರು ಚೈನ್ ಮರೀತಾರ, ನಿನ್ನ ಮರಿಯಂಗಿಲ್ಲ."

ಅದೇ ವಾರ ನಾಗರ ಪಂಚಮಿ. ಶೇಂಗಾ ಉಂಡಿ, ಎಳ್ಳುಂಡಿ, ಅಂಟಿನುಂಡಿ, ಒಂದಕ್ಕಿಂತ ಒಂದು ಗಟ್ಟಿ. ಗಟ್ಟಿ ಪದಾರ್ಥ ಮುಟ್ಟಬೇಡ ಎಂದು ಡಾಕ್ಟರು ಹೇಳಿದ್ದರು. ಡಬ್ಬಿಗಳನ್ನೇ ನೋಡುತ್ತ ಕೂತ ಮೊಮ್ಮಗಳನ್ನು ಕಂಡು ನಮ್ಮತ್ತೆ ತಡೆಯಲಾರದೆ ಎದ್ದರು. ಎಲ್ಲ ಬಗೆಯ ಉಂಡಿಗಳನ್ನೂ ಮಿಕ್ಸಿಗೆ ಹಾಕಿ ಹಾಲು ಸುರಿದು ಗರ್ರೆನಿಸಿ, ಲೋಟದಲ್ಲಿ ತಂದುಕೊಟ್ಟರು.

ಉಂಡಿ ಹಂಚಲು ಬಂದ ಪಕ್ಕದ ಮನೆಯಾಕೆ ಕಣ್ಣು ಬಿಟ್ಟು, "ಇದೇನ್ರಿ ಅಮ್ಮಾ?" ಎಂದಳು.

ಅತ್ತೆ ಸೋಲುವವರಲ್ಲ. "ನಮ್ಮ ಮನ್ಯಾಗ ಈ ವರ್ಷ ಉಂಡಿ ಕುಡೀತೀವಿ" ಎಂದರು.

ಬೆಳ್ಳಿ ಹಲ್ಲು

ಆ ನೋವಿನ ದಿನಗಳಲ್ಲಿ ಅತ್ತೆ ನನಗೆ ಹೇಳದೆ ಉಜ್ಜಿನಿ ದೇವರಿಗೆ ಹರಕೆ ಹೊತ್ತಿದ್ದರು. ಕಣ್ಣು ಬೇನೆಗೆ ಬೆಳ್ಳಿ ಕಣ್ಣು, ಕಾಲು ಬೇನೆಗೆ ಬೆಳ್ಳಿ ಪಾದ ಒಪ್ಪಿಸುವುದಿಲ್ಲವೆ, ಹಾಗೆ ಹಲ್ಲಿನ ನೋವಿಗೆ ಬೆಳ್ಳಿ ಹಲ್ಲು. ನೋವು ಇಳಿಯಿತು. ಮಗಳನ್ನೂ ನನ್ನನ್ನೂ ಕರೆದುಕೊಂಡು ಅಕ್ಕಸಾಲಿಗರ ಅಂಗಡಿಗೆ ನಡೆದರು.

ಅಂಗಡಿಯಲ್ಲಿ ಕಣ್ಣಿತ್ತು, ಕಿವಿಯಿತ್ತು, ಕೈಕಾಲಿತ್ತು. ಹಲ್ಲು ಕೇಳಿದವರು ನಾವೇ ಮೊದಲು. "ಮಾಡಿ ಕೊಡ್ತೀನ್ರಿ. ಸಾಲಾಗಿ ಚಂದ ಮಾಡ್ಲೇನ್ರಿ?" ಎಂದ ಅಕ್ಕಸಾಲಿಗ.

"ಏ, ಉಬ್ಬಿದ್ದಂಗ ಮಾಡಪ್ಪಾ. ಸಾಲಾಗಿ ಮಾಡಿದ್ರ ಯಾರವು ಅಂತ ದೇವರಿಗೆ ಹೆಂಗ ಗುರ್ತು ಸಿಗಬೇಕು?" ಎಂದರು ಅತ್ತೆ. ಮೊಮ್ಮಗಳ ಬಾಯಿ ತೆರೆಸಿ ಒಂದೊಂದೇ ಹಲ್ಲು ಬೆರಳಿಟ್ಟು ತೋರಿಸಿದರು. ಮೆಟ್ಟಿಲಿಳಿದವರು ಏನೋ ನೆನಪಾಗಿ ಮತ್ತೆ ಹತ್ತಿದರು. "ಅದರ ಮ್ಯಾಲೆ ಒಂದೆಳಿ ತಂತಿನೂ ಕೂಡಿಸು."

ನನಗೆ ತಡೆಯಲಾಗಲಿಲ್ಲ. "ಅತ್ತಿ, ತಂತಿ ಬ್ಯಾಡ ಅಂತ ಜಗಳ ಆಡಿದ್ದು ನೀವ ಅಲ್ರಿ?"

"ಅದು ಮನ್ಯಾಗ ಆಡಿದ ಮಾತು. ದೇವರ ಮುಂದ ಸುಳ್ಳು ಹಲ್ಲು ಇಡಾಕಾಗತ್ತೇನು?"

ಸೋಮವಾರ ಉಜ್ಜಿನಿಗೆ ಹೋದೆವು. ಹಣ್ಣುಕಾಯಿ, ಹೂವು, ನಡುವೆ ಬೆಳ್ಳಿ ಹಲ್ಲು ಇಟ್ಟ ದೊಡ್ಡ ತಟ್ಟೆಯನ್ನು ಮಗಳು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಳು. ಪೂಜೆಯವರು ಹೂವು ಸರಿಸಿ ನೋಡಿದರು. ಹತ್ತಿರ ಹಿಡಿದು ಮತ್ತೆ ನೋಡಿದರು.

"ಇದೇನ್ರಿ ಅಮ್ಮಾರ, ಹಲ್ಲಿಗೆ ಬೇಲಿ ಹಾಕಿಸೀರಿ?"

ಅಜ್ಜಿಯ ಮಾತು ಅಜ್ಜಿಗೇ ತಿರುಗಿ ಬಂದದ್ದು ಕೇಳಿ ಮಗಳಿಗೆ ನಗು ಉಕ್ಕಿತು. ಎಷ್ಟೋ ತಿಂಗಳಿಂದ ನಾನು ಕೇಳದಿದ್ದ ನಗು. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅವಳು ಗಾಬರಿಯಾಗಿ ತಟ್ಟೆಯನ್ನು ಒಂದೇ ಕೈಗೆ ಕೊಟ್ಟು, ಇನ್ನೊಂದನ್ನು ಬಾಯಿಗೆ ಎತ್ತಿದಳು. ಅತ್ತೆ ಆ ಕೈಯನ್ನು ಗಪ್ಪನೆ ಹಿಡಿದು ತಟ್ಟೆಗೆ ವಾಪಸು ಹಚ್ಚಿದರು.

"ಕೈ ಯಾಕ ಅಡ್ಡ ಹಿಡೀತಿ? ಬಾಯಿ ತಗದ ನಗು. ದೇವರು ಬೆಳ್ಳಿ ಹಲ್ಲು, ನಿನ್ನ ಹಲ್ಲು ಎರಡನ್ನೂ ತಾಳೆ ಹಾಕಿ ನೋಡ್ಲಿ!"