ಎಡಗಡೆಯ ಬ್ರೇಕು

ನಗಬಾರದ ಜಾಗದಲ್ಲಿ ನಗು ಬರುವ ಪ್ರಸಂಗಗಳು ನನ್ನ ನೌಕರಿಯಲ್ಲಿ ತಿಂಗಳಿಗೆ ಎರಡಾದರೂ ಆಗುತ್ತವೆ. ನಗುವವರು ಮಾತ್ರ ಬೇರೆಯವರು. ನಾನು ಬಾಗಲಕೋಟೆಯಲ್ಲಿ ವಾಹನ ತಪಾಸಣೆ ಮಾಡುವವನು. ಜನ 'ಬ್ರೇಕ್ ಸಾಹೇಬ್ರು' ಅನ್ನುತ್ತಾರೆ. ನನ್ನನ್ನು ಯಾರೂ ಹೊಸ ಗಾಡಿ ಪೂಜೆಗೆ ಕರೆಯುವುದಿಲ್ಲ. ಗಾಲಿಯ ಕೆಳಗಿನ ನಿಂಬೆಹಣ್ಣು ನೋಡಿದರೂ 'ಇದು ಜಾರ್ತೈತಿ, ತಗೀರಿ' ಅನ್ನುತ್ತೇನೆ ಎಂದು ನಮ್ಮ ಕಚೇರಿಯ ಜವಾನ ಊರೆಲ್ಲ ಹೇಳಿಕೊಂಡು ಬಂದಿದ್ದಾನೆ. ಸುಳ್ಳಲ್ಲ, ಅಂದಿದ್ದೇನೆ.

ಈಚೆಗೆ ನಮ್ಮ ಕಡೆ ಒಂದು ಹುಚ್ಚು ಹಬ್ಬಿದೆ. ಗುಜರಿಯಿಂದ ಹಳೇ ಜೀಪು ತರುವುದು, ಟಪ, ಅಂದರೆ ಮೇಲಿನ ಚಾವಣಿ, ಕತ್ತರಿಸಿ ಒಗೆಯುವುದು, ಮೂತಿ ಉದ್ದ ಮಾಡಿ, ಎಂಜಿನ್ನು ಹೊರಗೆ ಕಾಣುವಂತೆ ಬಿಟ್ಟು, ಹಿತ್ತಲಲ್ಲೇ ಒಂದು ಓಪನ್ ಗಾಡಿ ಕಟ್ಟುವುದು. ಚಾಸಿ, ಎಂಜಿನ್ನು, ಕಾಗದಪತ್ರ ಮೂಲದ್ದೇ ಇದ್ದು, ಕಟ್ಟಿದ್ದು ಭದ್ರ ಇದೆ ಅನ್ನಿಸಿದರೆ ರಸ್ತೆಗೆ ಬಿಡಬಹುದು. ಅನ್ನಿಸಬೇಕಾದವನು ನಾನು. ನನಗೆ ಅನ್ನಿಸುವುದಿಲ್ಲ.

ಕಲ್ಲು

ತಿಂಗಳಿಗೊಮ್ಮೆ ಹುನಗುಂದದ ಮೈದಾನದಲ್ಲಿ ಒಂದು ಮೇಜು ಹಾಕಿಕೊಂಡು ಕೂರುತ್ತೇನೆ. ಅಲ್ಲಿಗೆ ಇಳಕಲ್ಲಿನಿಂದ ಗಂಡ ಹೆಂಡತಿ ಒಂದು ಕೆಂಪು ಓಪನ್ ಗಾಡಿ ತಂದರು. ಗಂಡ ಮಗ್ಗ ರಿಪೇರಿ ಮಾಡುವವನು. ಮೂರು ವರ್ಷ ಕೂತು ಕಟ್ಟಿದ್ದನಂತೆ. ಷೋಕಿಗೇನು ಅಂತ ಕೇಳಿದೆ.

"ಷೋಕಿ ಅಲ್ರಿ, ಈಕಿ ಸಲುವಾಗಿ" ಅಂದ.

ಹೆಂಡತಿ ಒಮ್ಮೆ ಪಲ್ಟಿಯಾದ ಟೆಂಪೋದೊಳಗೆ ಅರ್ಧ ದಿನ ಸಿಕ್ಕಿಕೊಂಡಿದ್ದಳು. ಅಂದಿನಿಂದ ತಲೆಯ ಮೇಲೆ ಟಪ ಇರುವ ಯಾವ ಗಾಡಿ ಹತ್ತಿದರೂ ಉಸಿರು ಕಟ್ಟುತ್ತದೆ. ಸೊಂಟಕ್ಕೆ ಪೆಟ್ಟಾಗಿದ್ದರಿಂದ ಬೈಕಿನ ಮೇಲೂ ಕೂರಲಾರಳು. ತವರು ಕುಳಗೇರಿ ಕ್ರಾಸಿನ ಹತ್ತಿರ. ಆರು ವರ್ಷದಿಂದ ತಾಯಿಯ ಮುಖ ನೋಡಿಲ್ಲ. ತಾಯಿಗೋ ಕಣ್ಣು ಮಂಜಾಗುತ್ತಿತ್ತು.

"ಟ್ರ್ಯಾಕ್ಟರದಾಗ ಹೋಗಬಹುದಲ್ಲವ್ವ" ಅಂದೆ.

"ಆ ಕುಲುಕಾಟಕ್ಕ ನಮ್ಮವ್ವಗಿಂತ ಮೊದ್ಲ ನಾನ ಹೋಕ್ಕೇನ್ರಿ" ಅಂದಳು.

ಗಾಡಿ ನೋಡಿದೆ. ಬೆಸುಗೆ ಚೆನ್ನಾಗಿತ್ತು. ಕಾಲಿನ ಬ್ರೇಕೂ ಹಿಡಿಯುತ್ತಿತ್ತು. ಹ್ಯಾಂಡ್‌ಬ್ರೇಕ್ ಎಲ್ಲಿ ಅಂದರೆ ಗಂಡ ಸೀಟಿನ ಕೆಳಗೆ ಕೈಹಾಕಿ ಒಂದು ದಪ್ಪ ಇಳಕಲ್ ಕಲ್ಲು ತೆಗೆದ. ಇಳಿಜಾರಿನಲ್ಲಿ ನಿಲ್ಲಿಸಿದಾಗ ಗಾಲಿಗೆ ಕೊಡುವುದಕ್ಕೆ. ಹೋಗಲಿ, ಅದನ್ನಾದರೂ ಇಟ್ಟು ತೋರಿಸು ಅಂದೆ. ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಕಲ್ಲಿಗೆ ವಿಭೂತಿ ಇತ್ತು, ಕುಂಕುಮ ಇತ್ತು, ಒಣಗಿದ ಚೆಂಡು ಹೂವಿತ್ತು.

"ದಸರಾದಾಗ ಖಂಡೇ ಪೂಜಿ ದಿನ ಗಾಡಿ ಜೋಡಿ ಇದಕ್ಕೂ ಪೂಜಿ ಆತ್ರಿ. ಈಗ ಗಾಲಿ ಕೆಳಗ ಹೆಂಗ ಇಡ್ಲಿ?"

"ಮತ್ತ ಗಾಡಿ ಉಳ್ಳಿದ್ರ?"

"ಕೈಮುಗಿತೇವ್ರಿ" ಅಂದ.

ಪಟ್ಟಿ

ಮುಂದಿನ ತಿಂಗಳು ಹ್ಯಾಂಡ್‌ಬ್ರೇಕ್ ಕೂಡಿಸಿಕೊಂಡು ಬಂದರು. ಕಲ್ಲು ಮನೆಯ ಜಗಲಿ ಸೇರಿತ್ತು. ತಾಯಿಗೆ ಈಗ ಕಣ್ಣು ಪೂರ್ತಿ ಹೋಗಿದೆ, ದನಿಯ ಮೇಲೆ ಗುರುತು ಹಿಡಿಯುತ್ತಾಳೆ ಅಂತ ಹೆಂಡತಿ ಹೇಳಿದಳು. ನಾನು ಕೇಳಿಸಿಕೊಂಡೆ, ಮತ್ತೆ ಗಾಡಿಯ ಕೆಳಗೆ ತೂರಿಕೊಂಡೆ. ಗಾಡಿಯ ಕೆಳಗೆ ಯಾರ ಮುಖವನ್ನೂ ನೋಡಬೇಕಾಗುವುದಿಲ್ಲ.

ಹೊರಗೆ ಬಂದು ಸೀಟ್ ಬೆಲ್ಟ್ ಜಗ್ಗಿ ನೋಡಿದೆ. ಗಂಡ ತನ್ನ ಮಗ್ಗದಲ್ಲೇ ನೇಯ್ದಿದ್ದ. ನಾಲ್ಕು ಬೆರಳು ಅಗಲ, ಕೆಂಪು ದಡಿ, ತುದಿಗೆ ಇಳಕಲ್ ಸೆರಗಿನಂತೆ ಬಿಳಿಯ ತೆನೆ. ಸೀರೆಯಾಗಿದ್ದರೆ ನಾನೇ ಮನೆಗೆ ಒಂದು ಒಯ್ಯುತ್ತಿದ್ದೆ.

"ಎರಡ್ ಎತ್ತು ಕಟ್ಟಿ ಜಗ್ಗಿಸೇನ್ರಿ. ಹರೀಲಿಲ್ಲ" ಅಂದ.

"ಎತ್ತು ಬ್ಯಾರೆ, ಅಪಘಾತ ಬ್ಯಾರೆ. ಇದಕ್ಕ ಸರಕಾರದ ಮುದ್ರಿ ಇರಬೇಕು. ಮುದ್ರಿ ಇಲ್ಲಂದ್ರ ಪಾಸ್ ಇಲ್ಲ" ಅಂದೆ.

ಅವನು ಮುದ್ರೆ ಹೇಗಿರುತ್ತದೆ ಅಂತ ಕೇಳಿದ. ನಾನು ಪೆದ್ದ, ನಮ್ಮ ಜೀಪಿನ ಬೆಲ್ಟಿನ ಮೇಲಿದ್ದ ಮುದ್ರೆ ತೋರಿಸಿದೆ. ಅವನು ಮೊಬೈಲಿನಲ್ಲಿ ಫೋಟೋ ಹೊಡೆದುಕೊಂಡು ಹೋದ. ಎಂಟು ದಿನಕ್ಕೆ ಬಾಗಲಕೋಟೆ ಕಚೇರಿಗೆ ಹೊಸ ಬೆಲ್ಟು ತಂದು ಮೇಜಿನ ಮೇಲೆ ಬಿಚ್ಚಿದ. ಸರಕಾರದ ಮುದ್ರೆ ಇತ್ತು. ಒಂದಲ್ಲ, ಗೇಣಿಗೊಂದರಂತೆ, ಆ ತುದಿಯಿಂದ ಈ ತುದಿಯವರೆಗೆ ಜರಿಯಲ್ಲಿ ನೇಯ್ದಿದ್ದ.

ಹಾರ್ನು

ನಡುವೆ ಬಾದಾಮಿಯ ಕ್ಯಾಂಪು ಬಂತು. ಬಾದಾಮಿಯಿಂದ ಕುಳಗೇರಿ ಕ್ರಾಸಿಗೆ ಹೋಗುವಲ್ಲಿ ಒಂದು ಇಳಿಜಾರಿದೆ. ಆ ರಸ್ತೆಗೆ ನಾನು ಹೋಗುವುದಿಲ್ಲ. ಕೆಲಸವಿದ್ದರೂ ಹತ್ತೆಂಟು ಹಳ್ಳಿ ಸುತ್ತಿಕೊಂಡು ಹೋಗುತ್ತೇನೆ. ನೌಕರಿಗೆ ಸೇರಿದ ಎರಡನೇ ವರ್ಷ ನನ್ನ ತಮ್ಮ ಅಲ್ಲೇ ತೀರಿಹೋದ, ಓಪನ್ ಜೀಪಿನಲ್ಲಿ. ಆ ಮಾತು ಈಗ ಬೇಡ.

ಕ್ಯಾಂಪಿಗೆ ಕುರಿ ಕಾಯುವವರೊಬ್ಬರು ಬಂದರು. ಬೀರಪ್ಪನ ಭಂಡಾರದ ಅರಿಶಿನ ಹಣೆ ತುಂಬ, ಹೆಗಲ ಮೇಲೆ ಕಂಬಳಿ. ಓಪನ್ ಗಾಡಿ ಅವರ ಅಳಿಯ ಕಟ್ಟಿದ್ದು. ಎಲ್ಲ ಸರಿಯಿತ್ತು, ಹಾರ್ನ್ ಇರಲಿಲ್ಲ.

"ಹಾರ್ನ್ ಯಾಕ್ರಿ, ಬಾಯಿ ಐತೆಲ್ಲ" ಅಂದರು.

"ಎಲ್ಲಿ, ಹೊಡೀರಿ ನೋಡೂಣು" ಅಂದೆ.

ಅವರು ಎರಡು ಬೆರಳು ಬಾಯಿಗಿಟ್ಟು ಒಂದು ಸಿಳ್ಳು ಹಾಕಿದರು, ಹಿಂದೆಯೇ 'ಹುರ್ರೇ' ಅಂತ ಒಂದು ಕೂಗು. ಪಕ್ಕದ ಹೊಲದಲ್ಲಿ ಇವರದೇ ಕುರಿ ಮೇಯುತ್ತಿದ್ದವು ಅನ್ನುವುದು ನನಗೇನು ಗೊತ್ತು? ಇನ್ನೂರಕ್ಕೆ ಕಡಿಮೆಯಿಲ್ಲದ ಹಿಂಡು ಬೇಲಿ ಹಾರಿ ಬಂದು ಗಾಡಿಯನ್ನೂ ನನ್ನನ್ನೂ ಮೇಜನ್ನೂ ಸುತ್ತಿಕೊಂಡಿತು. ಒಂದು ಟಗರು ನಾಲ್ಕು ಜನರ ಲೈಸೆನ್ಸ್ ಅರ್ಜಿ ತಿಂದಿತು. ಹಾರ್ನ್ ಕೇಳಿದರೆ ರಸ್ತೆ ಖಾಲಿಯಾಗಬೇಕು ಅನ್ನುವುದು ಕಾನೂನು. ಕೇಳಿದವರೆಲ್ಲ ಬಂದು ಸೇರಿದರೆ ಏನು ಬರೆಯಬೇಕು ಅನ್ನುವುದಕ್ಕೆ ನಮ್ಮ ಫಾರ್ಮಿನಲ್ಲಿ ಕಾಲಮ್ಮಿಲ್ಲ.

ಎಣ್ಣೆ

ಮೂರನೇ ಸಲ ಇಳಕಲ್ಲಿನವರು ಹುನಗುಂದಕ್ಕೆ ಅಂಗಡಿಯ ಬೆಲ್ಟು ಹಾಕಿಸಿಕೊಂಡು ಬಂದರು. ಅಂದು ಶನಿವಾರ. ತಾಯಿಗೆ ಕಿವಿಯೂ ಮಂದವಾಗಿದೆ, ಈಗ ಕೈ ಮುಟ್ಟಿ ಗುರುತು ಹಿಡಿಯುತ್ತಾಳೆ ಅಂದಳು ಹೆಂಡತಿ. "ಇನ್ನೊಂದೆರಡ್ ತಿಂಗಳ ಬಿಟ್ರ ನಾ ಹೋಗಿ ಕೈ ಕೊಟ್ರೂ ಹಿಡಿಯಾಕ ಯಾರೂ ಇರಂಗಿಲ್ರಿ" ಅಂದಳು. ನನಗೆ ಕಸಿವಿಸಿಯಾಯಿತು. ಇವತ್ತು ಪಾಸು ಮಾಡೇ ಬಿಡಬೇಕು ಅಂತ ಮನಸ್ಸು ಗಟ್ಟಿ ಮಾಡಿಕೊಂಡೆ.

ಗಂಡನಿಗೆ, ಸುಣ್ಣದ ಗೆರೆಯವರೆಗೆ ಬಂದು ಗಕ್ಕನೆ ಬ್ರೇಕ್ ಹಾಕು ಅಂದೆ. ಗಾಡಿ ಬಂತು. ಅವನು ಬ್ರೇಕ್ ತುಳಿದ. ಗಾಡಿ ಗೆರೆ ದಾಟಿತು. ಎದ್ದು ನಿಂತು ತುಳಿದ. ಗಾಡಿ ಯಾವ ಅವಸರವೂ ಇಲ್ಲದೆ ಬಂದು ನನ್ನ ಮೇಜನ್ನು ಮುಟ್ಟಿ ನಿಂತಿತು. ಮೇಜಿನ ಆ ಕಡೆ ನಾನಿದ್ದೆ.

ಬಗ್ಗಿ ನೋಡಿದರೆ ಮುಂದಿನ ಗಾಲಿಗಳ ಒಳಗೆ, ಬ್ರೇಕ್ ಹಿಡಿಯುವ ಬಿಲ್ಲೆಯಿಂದ ಎಣ್ಣೆ ತೊಟ್ಟಿಕ್ಕುತ್ತಿತ್ತು. ಹೆಂಡತಿ ನಾಚಿಕೊಂಡಳು. ತುಳಸಿಗೇರಿ ಹನಮಪ್ಪನಿಗೆ ಎಣ್ಣೆ ಹಾಕಿಸಿ, ಉಳಿದ ಪ್ರಸಾದದ ಎಣ್ಣೆಯನ್ನು ನಸುಕಿನಲ್ಲೆದ್ದು ಗಾಡಿಗೂ ಹಚ್ಚಿದ್ದಳು. ಎಲ್ಲ ಬಿಟ್ಟು ಅಲ್ಲಿಗೇ ಯಾಕೆ ಅಂದರೆ, ಥಳಥಳ ಹೊಳೆಯುವುದು ಅದೊಂದೇ ಇತ್ತಂತೆ, ಗಾಡಿಯ ಮುಖವೇ ಅದು ಅಂದುಕೊಂಡಳಂತೆ.

"ಆದ್ರೂ ನೋಡ್ರಿ, ಹನಮಪ್ಪ ನಿಲ್ಲಿಸಿದ" ಅಂದಳು.

"ಹನಮಪ್ಪಲ್ಲವ್ವ, ಮೇಜು ನಿಲ್ಲಿಸ್ತು."

"ಆ ಮೇಜು ಅಲ್ಲಿ ಇಡಿಸಿದಾವ್ರು ಯಾರು?"

ಇಡಿಸಿದವನು ಜವಾನ. ಅವನು ಮಾತ್ರ ಅಂದಿನಿಂದ ಪ್ರತಿ ಶನಿವಾರ ಹಣೆಗೆ ಸಿಂಧೂರ ಹಚ್ಚಿಕೊಂಡು ಬರುತ್ತಿದ್ದಾನೆ.

ಸಹಿ

ನಾಲ್ಕನೇ ಸಲ ಗಾಡಿಯಲ್ಲಿ ತಪ್ಪು ಹುಡುಕಿದೆ. ಒಂದೂ ಸಿಗಲಿಲ್ಲ. ಬ್ರೇಕ್ ಹಾಕಿದರೆ ಗೆರೆಯ ಮೇಲೇ ನಿಂತಿತು. ದೀಪ, ಹಾರ್ನು, ಬೆಲ್ಟು, ಪಲ್ಟಿಯಾದರೆ ತಲೆ ಕಾಯುವ ಕಬ್ಬಿಣದ ಕಮಾನು, ಎಲ್ಲ ಇತ್ತು. ಪೆನ್ನು ತೆಗೆದೆ. ಕೈ ಏಳಲಿಲ್ಲ. ಇನ್ನೊಮ್ಮೆ ಗಾಡಿಯ ಕೆಳಗೆ ಹೋಗಿ ಮಲಗಿ ಬಂದೆ. ಆಗಲೂ ಏಳಲಿಲ್ಲ.

"ಈಗೇನ್ ಕಮ್ಮಿ ಐತ್ರಿ?" ಅಂದಳು ಹೆಂಡತಿ.

ಅದೇನಾಯಿತೋ, ಯಾರಿಗೂ ಹೇಳದ್ದನ್ನು ಆ ಬಿಸಿಲಲ್ಲಿ ಅವಳಿಗೆ ಹೇಳಿದೆ. ನನ್ನ ತಮ್ಮನೂ ಇಂಥದ್ದೇ ಗಾಡಿ ಕಟ್ಟಿದ್ದ. ಮನೆಯ ಗಾಡಿಯಲ್ಲವೇ ಅಂತ ನೋಡದೇನೇ, ಹೊರಸಿನ ಮೇಲೆ ಕೂತು ಚಹಾ ಕುಡಿಯುತ್ತ ಸಹಿ ಹಾಕಿದ್ದೆ. ಮೊದಲ ಸಲ ದೂರ ಹೊರಟಾಗ ಎಡಗಡೆ ಸೀಟಿನಲ್ಲಿ ನಾನೇ ಇದ್ದೆ. ಇಳಿಜಾರಿನಲ್ಲಿ ಬ್ರೇಕ್ ಹಿಡಿಯಲಿಲ್ಲ. ಅವನು ತುಳಿದ, ನಾನೂ ತುಳಿದೆ. ನನ್ನ ಕಾಲ ಕೆಳಗೆ ಬರೀ ತಗಡಿತ್ತು. ಅವನು ಹೋದ, ನಾನು ಉಳಿದೆ. ಅಂದಿನಿಂದ ಒಂದು ಓಪನ್ ಗಾಡಿಯನ್ನೂ ಪಾಸು ಮಾಡಿಲ್ಲ. ತಪ್ಪು ಸಿಗದಿದ್ದರೆ ಹುಟ್ಟಿಸಿದ್ದೇನೆ.

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಈಗ ಸಮಾಧಾನದ ಮಾತು ಬರುತ್ತದೆ ಅಂತ ಕಾದೆ.

"ಹಂಗಾರ ನೀವೂ ಹತ್ರಿ" ಅಂದಳು. "ನಾಕ್ ತಿಂಗಳಾತು, ನಿಂತಲ್ಲೇ ನೋಡಾಕತ್ತೀರಿ. ಕುಳಗೇರಿ ಕ್ರಾಸ್ ತನಕ ಕುಂತ ನೋಡ್ರಿ. ನಾ ಹಿಂದ ಕುಂಡ್ರತೇನಿ. ಸತ್ರ ಮೂರೂ ಮಂದಿ ಸಾಯೂಣು, ಯಾರಿಗೂ ಯಾರ ಚಿಂತಿ ಉಳ್ಯಂಗಿಲ್ಲ."

ರಿಜಿಸ್ಟರಿನಲ್ಲಿ 'ರಸ್ತೆ ಪರೀಕ್ಷೆ' ಎಂದು ಬರೆದು ಹತ್ತಿದೆ. ಎರಡು ತಾಲೂಕು ದಾಟುವ ರಸ್ತೆ ಪರೀಕ್ಷೆಯನ್ನು ನಮ್ಮ ಇಲಾಖೆಯಲ್ಲಿ ಯಾರೂ ಮಾಡಿರಲಾರರು. ಕಮತಗಿ ದಾಟುವವರೆಗೆ ಕಣ್ಣು ತೆರೆದಿದ್ದೆ. ಬಾದಾಮಿ ದಾಟಿದ ಮೇಲೆ ಮುಚ್ಚಿಕೊಂಡೆ. ಗಾಡಿಯ ಮೂತಿ ಕೆಳಗೆ ಬಾಗಿದಾಗ ಇಳಿಜಾರು ಬಂತೆಂದು ತಿಳಿಯಿತು. ಗಂಡ ಗಾಡಿಯನ್ನು ಎಷ್ಟು ನಿಧಾನ ಇಳಿಸಿದನೆಂದರೆ, ಎಮ್ಮೆ ಹೊಡೆದುಕೊಂಡು ಹೋಗುತ್ತಿದ್ದ ಮುದುಕಿ ನಮ್ಮನ್ನು ಹಿಂದೆ ಹಾಕಿ, "ಪೆಟ್ರೋಲ್ ಮುಗದೈತೇನಪಾ?" ಅಂತ ಕೇಳಿದಳು. ಆಗ ಕಣ್ಣು ಬಿಟ್ಟೆ.

ಮನೆ ಮುಟ್ಟಿದೆವು. ಮಗಳು ತಾಯಿಯ ಎದುರು ಕೂತು, ಏನೂ ಹೇಳದೆ ಕೈ ಕೊಟ್ಟಳು. ತಾಯಿ ಬೆರಳು ಬೆರಳು ಸವರಿದಳು. ಬಳೆ ಎಣಿಸಿದಳು. "ಬಂದ್ಯೇನವಾ" ಅಂದಳು, ಅಷ್ಟೇ. ಆಮೇಲೆ ಇಬ್ಬರೂ ಬಹಳ ಹೊತ್ತು ಅತ್ತರು. ನಾನು ಗೋಡೆ ನೋಡುತ್ತ ನಿಂತೆ. ನಾಲ್ಕು ತಿಂಗಳು ಈ ಕೈಗಳ ನಡುವೆ ನಿಂತಿದ್ದವನು ನಾನೇ ಅಂತ ನಾಚಿಕೆಯಾಯಿತು.

ಅಳು ಮುಗಿದ ಮೇಲೆ ಮುದುಕಿ ತಾಯಿ ಗಾಳಿಯಲ್ಲಿ ಕೈಚಾಚಿ ನನ್ನ ಕೈ ಹಿಡಿದಳು. "ಇದ್ಯಾರ ಕೈ? ಭಾಳ ನಡಗಾಕತ್ತೈತಿ."

ಮಗಳು ಕಿವಿಯ ಹತ್ತಿರ ಬಾಯಿಟ್ಟು ಒದರಿದಳು. "ಗಾಡಿ ಗಟ್ಟಿ ಅದಾವೋ ಇಲ್ಲೋ ಅಂತ ನೋಡೋ ಸಾಹೇಬ್ರು, ಯವ್ವಾ!"

"ಹಂಗಾರ ಮೊದ್ಲ ಇವ್ರನ್ನ ಯಾರರ ನೋಡ್ರೇ" ಅಂದಳು ಮುದುಕಿ.

ಅಲ್ಲೇ ಕಟ್ಟೆಯ ಮೇಲೆ ಕೂತು ಸಹಿ ಹಾಕಿದೆ. ಹೊರಡುವಾಗ ಗಂಡ ಎಡಗಡೆ ಸೀಟಿನ ಮುಂದೆ ಬಗ್ಗಿ ನಿಂತಿದ್ದ. ನಾನು ದಾರಿಯುದ್ದ ಬಲಗಾಲಿನಿಂದ ಒತ್ತಿದ ಜಾಗದಲ್ಲಿ ತಗಡು ಬಾನಿಯಂತೆ ತಗ್ಗು ಬಿದ್ದಿತ್ತು.

"ಇದಕ್ಕೂ ಫೇಲೇನ್ರಿ?" ಅಂತ ಕೇಳಿದ.

ಮುಂದಿನ ತಿಂಗಳು ಹುನಗುಂದಕ್ಕೆ ಕೆಂಪು ಗಾಡಿ ಮತ್ತೆ ಬಂತು. ಕರೆದಿರಲಿಲ್ಲ. ತಗಡು ನೆಟ್ಟಗಾಗಿತ್ತು. ಅದರ ಮೇಲೆ, ಎಡಗಡೆ, ಹೊಸ ಬ್ರೇಕ್ ಪೆಡಲ್ ಒಂದು ಬೆಸುಗೆಯಾಗಿತ್ತು, ಸ್ಪ್ರಿಂಗ್ ಸಮೇತ. ಬಗ್ಗಿ ಕೆಳಗೆ ನೋಡಿದೆ. ಅದರಿಂದ ಯಾವ ತಂತಿಯೂ, ಯಾವ ಕೊಳವೆಯೂ ಹೋಗಿರಲಿಲ್ಲ.

"ಯಾವದಕ್ಕೂ ಜೋಡಿಸಿಲ್ರಿ" ಅಂದ ಗಂಡ. "ನೀವು ಮತ್ತ ಹತ್ತಿದ್ರ ಕಾಲಿಗೆ ಏನರ ಸಿಗಲಿ ಅಂತ."

ಹತ್ತಿ ಕೂತೆ. ನಿಂತ ಗಾಡಿಯಲ್ಲೇ ಒತ್ತಿದೆ. ಪೆಡಲು ಮೆತ್ತಗೆ ಒಳಗೆ ಹೋಗಿ, ಮೆತ್ತಗೆ ತಿರುಗಿ ಬಂತು. ಜವಾನ ಫಾರ್ಮು ಹಿಡಿದುಕೊಂಡು ಬಂದು, "ಇದಕ್ಕೇನ್ ಬರೀಲಿ ಸಾಹೇಬ್ರ?" ಅಂದ.

ಕಣ್ಣು ಒರೆಸಿಕೊಂಡು ಹೇಳಿದೆ: "ಬರಿ. ಎಡಗಡೆ ಬ್ರೇಕು ಛಲೋ ಹಿಡೀತೈತಿ."