ತಟ್ಟೆಯಲ್ಲಿ ಸತ್ತ ಕ್ಯಾನ್ಸರ್

ಸಂಬಂಧಿಕರ ಮುಂದೆ ನಮ್ಮ ಕೆಲಸದ ಬಗ್ಗೆ ಬಾಯಿ ಬಿಡಬಾರದು. ಬಿಟ್ಟರೂ ಊಟದ ಹೊತ್ತಿನಲ್ಲಿ ಬೇಡ; ಹೋಳಿಗೆಯ ಜೊತೆ ಜನ ಏನನ್ನಾದರೂ ನುಂಗುತ್ತಾರೆ. ತೊರವಿ ಹತ್ತಿರದ ಒಂದು ಪ್ರಯೋಗಾಲಯದಲ್ಲಿ ನನ್ನ ಕೆಲಸ. ದ್ರಾಕ್ಷಿ ಎಲೆಯ ಸಾರದಿಂದ ಸತುವಿನ, ಅಂದರೆ ಜಿಂಕ್‌ನ, ಕಣ್ಣಿಗೆ ಕಾಣದಷ್ಟು ಸಣ್ಣ ನ್ಯಾನೋ ಕಣ ಮಾಡಿ, ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕ್ಯಾನ್ಸರ್ ಕೋಶಗಳ ಮೇಲೆ ಹಾಕುತ್ತೇವೆ. ಕೆಲವು ಸಾಯುತ್ತವೆ. ಇಷ್ಟನ್ನೇ ತಿಕೋಟಾದ ಕಾಕಾನ ಮನೆಯಲ್ಲಿ ಹೇಳಿದ್ದೆ. 'ತಟ್ಟೆಯಲ್ಲಿ' ಎಂಬುದನ್ನು ಒತ್ತಿ ಹೇಳಿದ್ದೆನೆಂದು ನನ್ನ ನೆನಪು. ಆಗ ನನ್ನ ಬಾಯಿತುಂಬ ಹೋಳಿಗೆ ಇತ್ತೆಂದು ಹೆಂಡತಿ ಹೇಳುತ್ತಾಳೆ. ಇರಬಹುದು. ನನ್ನ ನೆನಪು ಯಾವಾಗಲೂ ನನ್ನ ಪಕ್ಷವನ್ನೇ ಹಿಡಿಯುತ್ತದೆ, ಅದನ್ನು ನಾನು ನಂಬುವುದಿಲ್ಲ.

ಕಾಕಿಗೆ ಎದೆಯ ಕ್ಯಾನ್ಸರ್. ವಿಜಯಪುರದಲ್ಲಿ ಕೀಮೋ ನಡೆದಿತ್ತು. ಮೊನ್ನೆ ಕಾಕಾನ ಫೋನು: "ಲೇ, ಇನ್ನ ದವಾಖಾನಿ ಸಾಕು. ನಿನ್ನ ಔಷಧ ಮನ್ಯಾಗ ತಯಾರಾಗೈತಿ!" ಅಥಣಿ ರಸ್ತೆಯುದ್ದಕ್ಕೂ ಹೆಲ್ಮೆಟ್ಟಿನೊಳಗೇ ಬೈಯುತ್ತ ಬೈಕ್ ಓಡಿಸಿದೆ. ಹೋಗಿ ನೋಡಿದರೆ ಅಡುಗೆಮನೆಯ ಮಿಕ್ಸರ್. ಪಕ್ಕದಲ್ಲಿ ದ್ರಾಕ್ಷಿ ಬಳ್ಳಿಗೆ ಸಿಂಪಡಿಸುವ ಜಿಂಕ್ ಚೀಲ!

"ಕಾಕಾ, ಇದು ಗೊಬ್ಬರ!"

"ನೀನ ಅಂದಿ ಅಲ್ಲೋ, ದ್ರಾಕ್ಷಿ ಎಲಿ, ಜಿಂಕ್ ಅಂತ. ಎರಡೂ ನಮ್ಮ ತೋಟದಾಗ ಅದಾವ. ಭಾಳ ಹೊತ್ತು ತಿರುವೇನಿ, ನ್ಯಾನೋ ಆಗೈತಿ."

ಮಿಕ್ಸರ್‌ನಲ್ಲಿ ನ್ಯಾನೋ! ನನ್ನ ಮೈಯೆಲ್ಲ ಉರಿಯಿತು. ಕಾಕಿ ಲೋಟ ಹಿಡಿದು ಕೂತಿದ್ದಳು. "ಇನ್ನೂ ಕುಡದಿಲ್ಲೋ ಯಪ್ಪಾ, ನೀ ಬರ್ಲಿ ಅಂತ ಕುಂತೇನಿ. ಆದ್ರ ನಾಳೆ ಸೂಜಿ ಚುಚ್ಚಿಸ್ಕೊಳ್ಳಾಕ ನಾ ಬರಂಗಿಲ್ಲ. ಮನಿ ಮಗನ ಔಷಧ ಇರಬೇಕಾದ್ರ ಆ ಸಂಕಟ ಯಾಕ?"

ನಾನು ಅರಚಿದೆ: "ತಟ್ಟ್ಯಾಗ ಸಾಯೂದು ಏನ ದೊಡ್ಡದ ಬೇ? ಅರಿವಿ ಒಗಿಯೂ ಸಬಕಾರದ ನೊರಿ ಹಾಕಿದ್ರೂ ಸಾಯತಾವ! ಮನಷ್ಯಾರ ಮೈಯಾಗ ನಮ್ಮದು ಕೆಲಸ ಮಾಡತೈತೋ ಇಲ್ಲೋ, ನಮಗಽ ಇನ್ನೂ ಗೊತ್ತಿಲ್ಲ!"

ಕಾಕಿ ನನ್ನನ್ನು ಮೇಲಿನಿಂದ ಕೆಳಗಿನತನಕ ನೋಡಿದಳು. "ಹಂಗಾರ ಇಷ್ಟ ವರ್ಷ ಅಲ್ಲಿ ಏನ ಮಾಡಾಕತ್ತೀದಿ?"

ಅವಳು ಲೋಟ ಕೆಳಗಿಟ್ಟು ಕಾಕಾನಿಗೆ ಹೇಳಿದಳು: "ಇವನ್ನ ನಂಬಿದ್ರ ನಾ ಹ್ವಾದಂಗ. ನಾಳೆ ದವಾಖಾನಿಗೇ ನಡೀರಿ."

ಹೋದಳು, ಸೂಜಿ ಚುಚ್ಚಿಸಿಕೊಂಡಳು. ಒಂದು ಜೀವ ಉಳಿಸಲು ನನ್ನ ಸಂಶೋಧನೆಯ ಮಾನ ಕಳೆದೆನಲ್ಲ ಎಂದು ಸಿಟ್ಟಿನ ನಡುವೆಯೂ ಒಂದಿಷ್ಟು ಬೀಗಿದೆ. ಅಷ್ಟರಲ್ಲಿ ಬಬಲೇಶ್ವರದಿಂದ ಕಾಕಿಯ ತಮ್ಮನ ಫೋನು:

"ಅಳಿಯಾ, ಕ್ಯಾನ್ಸರಿಗೆ ಸಬಕಾರ ಕಂಡ ಹಿಡದೀಯಂತಲ್ಲೋ! ಪುಡೀನ ಆಗಬೇಕೋ, ಗಟ್ಟಿ ಸಬಕಾರನೂ ನಡಿತೈತೋ?"

ಮತ್ತೆ ಅರಚಿದೆ. ಏನೇನು ಅರಚಿದೆನೋ ಒಂದೂ ನೆನಪಿಲ್ಲ. ಅದು ಈಗ ಯಾವ ಊರು ಮುಟ್ಟಿದೆಯೋ!